ಹಳೆಯ ಜಿ.ಐ. ಜೋ ಕೈಗೆ ಬಂದರೆ ಮೊದಲು ಸೊಂಟ ನೋಡಿ

ಎಂಬತ್ತರ ದಶಕದ ಜಿ.ಐ. ಜೋ ಸೈನಿಕ ಗೊಂಬೆಗಳ, ಅಂದರೆ ಕೈಕಾಲು ಮಡಚುವ ಆಕ್ಷನ್ ಫಿಗರ್‌ಗಳ ಜೀವ ಇರುವುದು ಹೊಟ್ಟೆಯೊಳಗಿನ ಒಂದು ಪುಟ್ಟ ರಬ್ಬರ್ ರಿಂಗ್‌ನಲ್ಲಿ. ಮೇಲ್ಭಾಗವನ್ನೂ ಕಾಲುಗಳನ್ನೂ ಎಳೆದು ಹಿಡಿದಿರುವುದು ಅದೇ. ದಶಕಗಳು ಕಳೆದಂತೆ ರಬ್ಬರ್ ಒಣಗಿ ತುಂಡಾಗುತ್ತದೆ, ಗೊಂಬೆ ಎರಡಾಗುತ್ತದೆ. ಗೊತ್ತಿಲ್ಲದವರು ಮುರಿದಿದೆ ಎಂದು ಎಸೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೊ ಮೂರೂಮುಕ್ಕಾಲು ಇಂಚಿನ ಈ ಸಾಲನ್ನು ತಂದದ್ದು 1982ರಲ್ಲಿ. ಮಾರ್ವೆಲ್‌ನ ಜಿ.ಐ. ಜೋ ಕಾಮಿಕ್ಸ್ ಶುರುವಾದದ್ದೂ ಅದೇ ವರ್ಷ. ಭಾರತದಲ್ಲಿ ಇವನ್ನು ತಯಾರಿಸಿ ಮಾರಿದ್ದು ಫನ್‌ಸ್ಕೂಲ್. ಅಚ್ಚು ಹ್ಯಾಸ್ಬ್ರೊದ್ದೇ ಆದರೂ ಕೆಲವಕ್ಕೆ ಅಮೆರಿಕದಲ್ಲಿಲ್ಲದ ಬಣ್ಣ. ಹೊರದೇಶದ ಸಂಗ್ರಾಹಕರು ನಮ್ಮ ಗೊಂಬೆಗಳನ್ನು ಹುಡುಕುವುದು ಅದಕ್ಕೇ.

ಕೊಳ್ಳುವ ಮುನ್ನ ಸೊಂಟ ಹಿಡಿದು ನಿಧಾನಕ್ಕೆ ತಿರುಗಿಸಿ. ಸಡಿಲವಾಗಿದ್ದರೆ ಚಿಂತೆಯಿಲ್ಲ, ರಿಂಗ್ ಬದಲಿಸಬಹುದು. ಆದರೆ ಹೆಬ್ಬೆರಳು ಮುರಿದಿದ್ದರೆ, ಮೊಣಕೈ ಸೀಳಿದ್ದರೆ, ಎರಡು ತೊಡೆಗಳ ನಡುವಿನ ಭಾಗ ಕಿತ್ತಿದ್ದರೆ ಬೆಲೆ ಇಳಿಸಿ ಕೇಳಿ. ದಪ್ಪ ಹಿಡಿಯ ಬಂದೂಕನ್ನು ಬಲವಂತವಾಗಿ ತುರುಕಿದರೆ ಮೊದಲು ಹೋಗುವುದೇ ಹೆಬ್ಬೆರಳು. ಮೈಮೇಲೆ ಅಚ್ಚಾದ ಇಸವಿ ನೋಡಿ ಮೋಸಹೋಗಬೇಡಿ. ಅದು ಅಚ್ಚು (ಮೋಲ್ಡ್) ತಯಾರಾದ ವರ್ಷ. ಅದೇ ಅಚ್ಚಿನಲ್ಲಿ ಎಷ್ಟೋ ವರ್ಷಗಳ ನಂತರವೂ ಗೊಂಬೆ ತಯಾರಾಗಿರಬಹುದು.

ರಿಂಗ್ ಬದಲಿಸಲು ಬೆನ್ನಿನ ಸ್ಕ್ರೂ ಬಿಚ್ಚಿ. ಸ್ಕ್ರೂಡ್ರೈವರ್ ಸರಿಯಾಗಿ ಕೂರಬೇಕು, ಇಲ್ಲವಾದರೆ ಸ್ಕ್ರೂ ತಲೆ ಸವೆದು ಕೆಲಸ ಕೆಡುತ್ತದೆ. ಎದೆ, ಬೆನ್ನು ಬೇರೆಯಾದಾಗ ತೋಳುಗಳೂ ತಲೆಯೂ ಕಳಚುತ್ತವೆ. ತಟ್ಟೆಯ ಮೇಲಿಟ್ಟುಕೊಂಡೇ ಮಾಡಿ, ಮೊದಲೇ ಒಂದು ಫೋಟೊ ತೆಗೆದಿಡಿ. ಹೊಸ ರಿಂಗನ್ನು ಕಾಲುಗಳ ನಡುವಿನ ಲೋಹದ ಕೊಕ್ಕೆಗೆ ಸಿಕ್ಕಿಸಿ, ಸೊಂಟದ ತೂತಿನಿಂದ ಮೇಲೆಳೆದು, ಎದೆಯೊಳಗಿನ ಕಂಬಕ್ಕೆ ಹಾಕಿ ಮುಚ್ಚಿ. ಸ್ಕ್ರೂವನ್ನು ಅತಿಯಾಗಿ ಬಿಗಿಯಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ಕೊಳೆ ತೆಗೆಯಲು ಸೋಪುನೀರು, ಮೃದು ಬ್ರಷ್ ಸಾಕು. ನೀರಲ್ಲಿ ನೆನೆಹಾಕಬೇಡಿ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ನೇಲ್‌ಪಾಲಿಶ್ ರಿಮೂವರ್ ಅಂತೂ ಹತ್ತಿರವೂ ಬೇಡ. ಬಿಸಿಲು ಬೀಳದ ಕಪಾಟಿನಲ್ಲಿಡಿ.

ಇನ್ನು ಗೊಂಬೆಯ ರಿವ್ಯೂ ಬರೆಯುವ ಮಾತು. ಇಲ್ಲಿ ಅಭಿಮಾನಕ್ಕಿಂತ ಕಣ್ಣು ಮುಖ್ಯ. ಹಗಲು ಬೆಳಕಲ್ಲಿ ಮುಂದೆ, ಹಿಂದೆ, ಪಕ್ಕ ಫೋಟೊ ತೆಗೆಯಿರಿ. ಮುಕ್ಕಾದ ಪೇಂಟ್ ಮರೆಮಾಡಬೇಡಿ. ಪ್ರತಿ ಜಾಯಿಂಟ್ ಎಷ್ಟು ಮಡಚುತ್ತದೆ, ಆಧಾರವಿಲ್ಲದೆ ನಿಲ್ಲುತ್ತದೆಯೇ ಎಂದು ಬರೆಯಿರಿ. 1982ರ ಮೊದಲ ಗೊಂಬೆಗಳ ತೋಳು ಮೊಣಕೈ ಮೇಲೆ ತಿರುಗುತ್ತಿರಲಿಲ್ಲ. ತಿರುಗುವ ತೋಳು ಬಂದದ್ದು 1983ರಲ್ಲಿ. ಇಂಥದ್ದು ಗೊತ್ತಿದ್ದರೆ ಹಳೆಯದನ್ನು ಅನ್ಯಾಯವಾಗಿ ಬೈಯುವುದಿಲ್ಲ. ಮಾತೇ ಆಡದ ಕಮಾಂಡೊ ಪಾತ್ರ ಸ್ನೇಕ್ ಐಸ್‌ನ ಮೊದಲ ಗೊಂಬೆ ಪೂರ್ತಿ ಕಪ್ಪಗಿರುವುದೂ ಹಾಗೆಯೇ: ಪೇಂಟಿನ ಖರ್ಚು ಉಳಿಸಲು ಬಣ್ಣವನ್ನೇ ಹಚ್ಚಲಿಲ್ಲ. ಆ ಕಪ್ಪು ಮೌನಿ ಇಡೀ ಸಾಲಿನ ಅತಿ ಪ್ರಿಯ ಪಾತ್ರಗಳಲ್ಲೊಬ್ಬನಾದ. ಹಾಗಾಗಿ ಅವನ ಗೊಂಬೆಗೆ ‘ಪೇಂಟ್ ಇಲ್ಲ’ ಎಂದು ಕಡಿಮೆ ಅಂಕ ಕೊಡುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯಲ್ಲಿ ಬಂದೂಕು, ಬೆನ್ನುಚೀಲ, ಪ್ಯಾಕೆಟ್ ಹಿಂದಿನ ಫೈಲ್ ಕಾರ್ಡ್ (ಪಾತ್ರದ ಪರಿಚಯದ ಚೀಟಿ) ಇವುಗಳಲ್ಲಿ ಏನಿದೆ, ಏನಿಲ್ಲ ಎಂದು ನಮೂದಿಸಿ. ರಿಂಗ್ ಹೊಸದಾಗಿದ್ದರೆ ಅದನ್ನೂ ಬರೆಯಿರಿ.