ಮುಕ್ತಿನಾಥಕ್ಕೆ ಹೊರಟ ಹಿರಿಯರಿಗೆ: ನೀರು, ಊಟ, ಹೊಟ್ಟೆ

ಮೈಸೂರಿನಿಂದ ಹಿರಿಯರ ತಂಡಗಳನ್ನು ನೇಪಾಳದ ತೀರ್ಥಕ್ಷೇತ್ರ ಮುಕ್ತಿನಾಥಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಹೊರಡುವ ಮುನ್ನ ಎಲ್ಲರೂ ಕೇಳುವುದು ಚಳಿಯ ವಿಷಯ. ನನಗೆ ಚಿಂತೆ ಹೊಟ್ಟೆಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಆ ಬೆಟ್ಟದ ದಾರಿಯಲ್ಲಿ ಭೇದಿ ಹತ್ತಿಕೊಂಡರೆ ಒಂದೇ ದಿನದಲ್ಲಿ ನಿತ್ರಾಣವಾಗುತ್ತಾರೆ.

ಕುಡಿಯುವ ನೀರನ್ನು ಶುದ್ಧ ಮಾಡಲು ಕ್ಲೋರಿನ್ ಮಾತ್ರೆಯೊಂದನ್ನೇ ನಂಬಬೇಡಿ. ನೇಪಾಳದಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಸೈಕ್ಲೋಸ್ಪೋರಾ ಎಂಬ ಪರೋಪಜೀವಿಯ ಕಾಟ ಹೆಚ್ಚು. ಅದು ಕ್ಲೋರಿನ್‌ಗೂ ಬಗ್ಗುವುದಿಲ್ಲ, ಅಯೋಡಿನ್‌ಗೂ ಬಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ಕಠ್ಮಂಡುವಿನಲ್ಲಿ ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಬೇಕು, ಏಕೆಂದರೆ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. 3,700 ಮೀಟರಿಗೂ ಎತ್ತರದಲ್ಲಿರುವ ಮುಕ್ತಿನಾಥದಲ್ಲಿ ಅದು 88 ಡಿಗ್ರಿಯ ಆಸುಪಾಸು. ವಸತಿಗೃಹದವರು ಕೊಡುವ ಬರಿ ಬಿಸಿ ನೀರು ಸಾಲದು. ಅಡುಗೆಮನೆಗೆ ಹೋಗಿ, ಕುದಿಯುವುದನ್ನು ಕಣ್ಣಾರೆ ನೋಡಿ ಫ್ಲಾಸ್ಕ್‌ಗೆ ತುಂಬಿಸಿಕೊಳ್ಳಿ, ಸಂಕೋಚ ಬೇಡ. ಹಲ್ಲುಜ್ಜಲೂ ಅದೇ ನೀರು.

ಇನ್ನು ತೀರ್ಥ. ದೇವಸ್ಥಾನದ ಹಿಂದಿನ 108 ಧಾರೆಗಳಲ್ಲಿ ಮೀಯಬೇಡಿ ಎಂದು ಹೇಳಲು ನನಗೆ ಬಾಯಿ ಬಾರದು. ಅದಕ್ಕೆಂದೇ ಜೀವಮಾನವೆಲ್ಲ ಕಾದವರನ್ನು ಕಂಡಿದ್ದೇನೆ. ಬಾಯಿ ಮುಚ್ಚಿಕೊಂಡು ಮೀಯಿರಿ. ತಲೆಗೆ ಪ್ರೋಕ್ಷಿಸಿಕೊಳ್ಳಿ, ಕಣ್ಣಿಗೆ ಒತ್ತಿಕೊಳ್ಳಿ. ಕುಡಿಯಬೇಡಿ.

ಊಟಕ್ಕೆ ಹಬೆಯಾಡುವ ದಾಲ್‌ಭಾತ್ ಒಳ್ಳೆಯದು. ಅದರ ಪಕ್ಕದಲ್ಲಿ ಬರುವ ಹಸಿ ಮೂಲಂಗಿ, ಸೌತೆಕಾಯಿ ತಟ್ಟೆಯಲ್ಲೇ ಉಳಿಯಲಿ. ತರಕಾರಿ ಮೋಮೋ ಬಿಸಿಯಾಗಿದ್ದರೆ ತಿನ್ನಬಹುದು, ಆದರೆ ಬೆಳಗಿನಿಂದ ತೆರೆದಿಟ್ಟ ಚಟ್ನಿ ಬೇಡ. ಪಾನಿಪುರಿಯಂತೂ ಬೇಡವೇ ಬೇಡ: 2022ರಲ್ಲಿ ಕಠ್ಮಂಡು ಕಣಿವೆಯಲ್ಲಿ ಕಾಲರಾ ಕಾಣಿಸಿಕೊಂಡಾಗ ಲಲಿತಪುರದ ನಗರಾಡಳಿತ ಅದರ ಮಾರಾಟವನ್ನೇ ನಿಷೇಧಿಸಿತ್ತು. ಬಾಳೆಹಣ್ಣು, ಕಿತ್ತಳೆ ನೀವೇ ಸುಲಿದು ತಿನ್ನಿ.

ಟೈಫಾಯ್ಡ್ ಲಸಿಕೆಯ ಚುಚ್ಚುಮದ್ದನ್ನು ಹೊರಡುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ. ಓಆರ್‌ಎಸ್ ಪೊಟ್ಟಣಗಳು ಕೈಚೀಲದಲ್ಲಿರಲಿ, ಬಸ್ಸಿನ ಮೇಲೆ ಕಟ್ಟಿದ ಪೆಟ್ಟಿಗೆಯಲ್ಲಲ್ಲ. ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಭೇದಿ ಶುರುವಾದ ಕೂಡಲೇ ಗುಟುಕು ಗುಟುಕಾಗಿ ಕುಡಿಯಿರಿ. ಅದರಲ್ಲಿ ಸಕ್ಕರೆ ಇದೆಯೆಂದು ಸಕ್ಕರೆ ಕಾಯಿಲೆಯವರು ಹೆದರಿ ಬಿಡಬಾರದು. ಆದರೆ ಭೇದಿಯಾದಾಗ ತಮ್ಮ ಮಾತ್ರೆಗಳನ್ನು ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಂಡು ಬರಬೇಕು. ಮಲದಲ್ಲಿ ರಕ್ತ ಅಥವಾ ಜ್ವರವಿದ್ದರೆ ಭೇದಿ ಕಟ್ಟಿಸುವ ಮಾತ್ರೆ ನುಂಗಬೇಡಿ. ಮೂತ್ರ ಕಡಿಮೆಯಾದರೆ, ತಲೆ ತಿರುಗಿದರೆ ನನಗೆ ತಕ್ಷಣ ಹೇಳಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ.