ನಿಕಲ್ ಅಯಾನಿನ ಕೋಆರ್ಡಿನೇಶನ್ ಸಂಖ್ಯೆ: ಜಾಬ್ ವಿಧಾನದಿಂದ ಕಂಡುಹಿಡಿಯುವುದು

ಒಂದು ಮಾತನ್ನು ಮೊದಲೇ ತಿಳಿದಿರಬೇಕು. 1928ರಲ್ಲಿ ಪಾಲ್ ಜಾಬ್ ಪ್ರಕಟಿಸಿದ ಈ ವಿಧಾನದಲ್ಲಿ ಒಟ್ಟು ಪ್ರಮಾಣವನ್ನು ಬದಲಿಸದೆ ಲೋಹ ಮತ್ತು ಲಿಗ್ಯಾಂಡನ್ನು (ಲೋಹವನ್ನು ಹಿಡಿದುಕೊಳ್ಳುವ ಅಣು) ಬೇರೆಬೇರೆ ಪಾಲಿನಲ್ಲಿ ಬೆರೆಸಿ, ಬಣ್ಣ ಎಲ್ಲಿ ಅತಿ ಗಾಢ ಎಂದು ನೋಡುತ್ತೇವೆ. ಅದರಿಂದ ಸಿಗುವುದು ಅವೆರಡರ ಅನುಪಾತವೇ ಹೊರತು ಕೋಆರ್ಡಿನೇಶನ್ ಸಂಖ್ಯೆ, ಅಂದರೆ ಲೋಹಕ್ಕೆ ನೇರವಾಗಿ ಅಂಟಿದ ಬಂಧಗಳ ಸಂಖ್ಯೆ, ಅಲ್ಲ. ಪ್ರತಿ ಲಿಗ್ಯಾಂಡು ಎಷ್ಟು ಕಡೆ ಹಿಡಿಯುತ್ತದೆ, ಲೋಹದ ಸುತ್ತ ಎಷ್ಟು ನೀರು ಉಳಿದಿದೆ ಎಂಬುದನ್ನೂ ಕೂಡಿಸಿದ ಮೇಲೆಯೇ ಆ ಸಂಖ್ಯೆ.

ನಿಕಲ್ ಸಲ್ಫೇಟ್ ಹೆಕ್ಸಾಹೈಡ್ರೇಟ್ 10.51 ಗ್ರಾಂ ತೂಗಿ 100 ಮಿ.ಲೀ. ಮಾಡಿದರೆ 0.4 ಮೋಲಾರ್. ಎಥಿಲೀನ್‌ಡೈಅಮೀನ್ 2.40 ಗ್ರಾಂ (ಸುಮಾರು 2.7 ಮಿ.ಲೀ.) ತೆಗೆದುಕೊಂಡು ಅದನ್ನೂ 100 ಮಿ.ಲೀ.ಗೆ ತನ್ನಿ; ಇಲ್ಲಿ ಲಿಗ್ಯಾಂಡು ಇದೇ, ಮುಂದೆ ಬರಿಯ ಡೈಅಮೀನ್ ಎನ್ನೋಣ. ಕೈಗವಸು ಹಾಕಿ, ಫ್ಯೂಮ್ ಹುಡ್ಡಿನಲ್ಲೇ ಕೆಲಸ ಮಾಡಿ. ನಿಕಲ್ ತ್ಯಾಜ್ಯ ಸಿಂಕಿಗೆ ಬೇಡ.

ಡೈಅಮೀನ್ ಗಾಳಿಯಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ, ಹಾಗಾಗಿ ತೂಕವನ್ನು ನಂಬಬೇಡಿ. ಅದರ 5 ಮಿ.ಲೀ. ದ್ರಾವಣವನ್ನು 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ, ಬ್ರೋಮೋಕ್ರೆಸಾಲ್ ಗ್ರೀನ್ ಸೂಚಕ ಹಾಕಿ ಟೈಟ್ರೇಟ್ ಮಾಡಿ. ಒಂದು ಅಣು ಎರಡು ಪ್ರೋಟಾನ್ ಹಿಡಿಯುವುದರಿಂದ 8.0 ಮಿ.ಲೀ. ಆಮ್ಲ ಹೋಗಬೇಕು.

ಮಿಶ್ರಣಗಳಲ್ಲಿ ಡೈಅಮೀನ್ 0, 2, 4, 5, 6, 6.7, 7, 7.5, 8, 9 ಮಿ.ಲೀ. ಇರಲಿ, ಉಳಿದದ್ದು ನಿಕಲ್, ಒಟ್ಟು 10 ಮಿ.ಲೀ. ಎರಡಕ್ಕೂ ಬ್ಯುರೆಟ್ ಬಳಸಿ, ಚೆನ್ನಾಗಿ ಕಲಕಿ. ಹಸಿರು ನೀಲಿಗೆ ತಿರುಗಿ, ಕೊನೆಗೆ ನೇರಳೆಯಾಗುತ್ತದೆ. ಮಬ್ಬು ಕಂಡರೆ ಆ ಮಿಶ್ರಣ ಬಿಟ್ಟು ಹೊಸದು ಮಾಡಿ, ಬೆಳಕು ಚದುರಿ ಓದು ಹೆಚ್ಚು ತೋರುತ್ತದೆ.

1 ಸೆಂ.ಮೀ. ಕ್ಯುವೆಟ್ಟಿನಲ್ಲಿ, ನೀರನ್ನು ಬ್ಲ್ಯಾಂಕ್ ಇಟ್ಟು, 530 ನ್ಯಾನೋಮೀಟರಿನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆ) ಓದಿ. ಬರಿಯ ನಿಕಲ್ ದ್ರಾವಣದ ಓದನ್ನು (1−X)ರಿಂದ ಗುಣಿಸಿ ಪ್ರತಿ ಓದಿನಿಂದ ಕಳೆಯಿರಿ. X ಎಂದರೆ ಡೈಅಮೀನಿನ ಮೋಲ್ ಭಿನ್ನರಾಶಿ; ಎರಡೂ ದ್ರಾವಣ 0.4 ಮೋಲಾರ್ ಆದ್ದರಿಂದ ಅದರ ಮಿ.ಲೀ.ಯನ್ನು 10ರಿಂದ ಭಾಗಿಸಿದರೆ ಸಾಕು. X ಎದುರು ಗ್ರಾಫ್ ಎಳೆದರೆ ಶಿಖರ 0.75ರಲ್ಲಿ ಬರಬೇಕು. ಒಂದು ನಿಕಲ್ಲಿಗೆ ಎಷ್ಟು ಡೈಅಮೀನ್ ಎಂಬುದು n = X/(1−X), ಅಂದರೆ 3.

ಇಲ್ಲಿ ಅಲ್ಪ ತಪ್ಪೂ ದುಬಾರಿ: X 0.80 ಆದರೆ n 4 ಆಗಿಬಿಡುತ್ತದೆ. 0.4 ಎಂದುಕೊಂಡ ಡೈಅಮೀನ್ ನಿಜಕ್ಕೂ 0.36 ಇದ್ದರೆ ಶಿಖರ 0.77ಕ್ಕೆ ಸರಿದು, n 3.3 ಬರುತ್ತದೆ. ದ್ರಾವಣವನ್ನು ಬಹಳ ತೆಳು ಮಾಡಿದರೆ ಮೂರನೆಯ ಲಿಗ್ಯಾಂಡು ಭಾಗಶಃ ಬಿಟ್ಟುಹೋಗಿ ಶಿಖರ ಮೊಂಡಾಗುತ್ತದೆ. ತರಂಗಾಂತರವೂ ಮುಖ್ಯ: 578 ನ್ಯಾನೋಮೀಟರಿನಲ್ಲಿ ಶಿಖರ 0.67ರ ಬಳಿ, 622ರಲ್ಲಿ 0.5ರ ಬಳಿ ಬೀಳುತ್ತದೆ, ಏಕೆಂದರೆ ಅಲ್ಲಿ ಎರಡು ಮತ್ತು ಒಂದು ಲಿಗ್ಯಾಂಡಿನ ಸಂಕೀರ್ಣಗಳೇ ಹೆಚ್ಚು ಹೀರುತ್ತವೆ.

ಡೈಅಮೀನ್ ಎರಡು ನೈಟ್ರೋಜನ್‌ಗಳಿಂದ ಹಿಡಿಯುತ್ತದೆ. ಮೂರು ಅಣುಗಳಿಗೆ ಆರು ಬಂಧ, ಕೋಆರ್ಡಿನೇಶನ್ ಸಂಖ್ಯೆ 6. 578ರ n = 2 ನೋಡಿ 4 ಎಂದು ಬರೆಯುವವರೇ ಹೆಚ್ಚು; ಅಲ್ಲಿ ಎರಡು ನೀರಿನ ಅಣುಗಳೂ ಇವೆ. ಕಾಂತೀಯ ಅಳತೆ ಇದನ್ನು ಖಚಿತಪಡಿಸುತ್ತದೆ: ನಾಲ್ಕೇ ಬಂಧದ ಚೌಕ-ಸಮತಲ ನಿಕಲ್ ಆಗಿದ್ದರೆ ಕಾಂತೀಯ ಮೊಮೆಂಟ್ ಸೊನ್ನೆ, ಇಲ್ಲಿ ಅದು ಸುಮಾರು 3 ಬೋರ್ ಮ್ಯಾಗ್ನೆಟಾನ್ (ಆ ಮೊಮೆಂಟಿನ ಏಕಮಾನ) ಬರುತ್ತದೆ.