ಕೋಸ್ಟ್ ಗಾರ್ಡ್‌ನವ್ರು ಬೋಟ್ ಹತ್ತಿದ್ರೆ ಗಾಬರಿ ಬೇಡ

ಅಮೆರಿಕಕ್ಕೆ ಬಂದ ಹೊಸದ್ರಲ್ಲಿ ನಾನೂ ಕೋಸ್ಟ್ ಗಾರ್ಡ್ ಅಂದ್ರೆ ನೇವಿದೇ ಒಂದು ಭಾಗ ಅಂದ್ಕೊಂಡಿದ್ದೆ. ಹೋದ ಬೇಸಿಗೇಲಿ ಶಿಕಾಗೋ ಹತ್ರ ಲೇಕ್ ಮಿಶಿಗನ್‌ನಲ್ಲಿ ನಾವು ಎರಡು ಫ್ಯಾಮಿಲಿ ಸೇರಿ ಬಾಡಿಗೆ ಬೋಟ್‌ನಲ್ಲಿ ಹೋಗಿದ್ವಿ, ಕಿತ್ತಳೆ ಪಟ್ಟೆಯ ಬೋಟೊಂದು ಪಕ್ಕಕ್ಕೆ ಬಂದು ನಿಂತು ಇಬ್ರು ಸೀದಾ ನಮ್ಮ ಬೋಟ್ ಹತ್ತೇ ಬಿಟ್ರು. ಫ್ರೆಂಡ್ ಮೆತ್ತಗೆ "ವಾರಂಟ್ ಬೇಡ್ವಾ ಇವ್ರಿಗೆ?" ಅಂದ. ಬೇಡ ಮಾರಾಯ, ಅದಕ್ಕೆ ಕಾರಣ 1790ರಲ್ಲಿದೆ.

ಆಗಿನ್ನೂ ಹೊಸ ದೇಶ, ಖಜಾನೆ ಖಾಲಿ, ಹಡಗಲ್ಲಿ ಬರೋ ಮಾಲಿನ ಸುಂಕಾನೇ ಮುಖ್ಯ ಆದಾಯ, ಆದ್ರೆ ಕದ್ದು ಸಾಗಿಸೋರು ಸಿಕ್ಕಾಪಟ್ಟೆ. ಹಣಕಾಸು ನೋಡ್ಕೋತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 10 ಸಣ್ಣ ಹಡಗು ಕೇಳಿದ್ರು, ಆಗಸ್ಟ್ 4ಕ್ಕೆ ಕಾಂಗ್ರೆಸ್ ಒಪ್ತು. ಬರೋ ಹಡಗು ಹತ್ತಿ ಪರೀಕ್ಷೆ ಮಾಡೋ ಅಧಿಕಾರ ಆಗಲೇ ಕೊಟ್ಟಿದ್ದು. ಅಂದ್ರೆ ಇವ್ರು ಹುಟ್ಟಿದ್ದೇ ಸುಂಕದವರಾಗಿ, ಆದ್ರೆ ನಮ್ಮ ಗಾದೆಯ ಸುಂಕದವನ ಥರ ಅಲ್ಲ, ಇವ್ರ ಹತ್ರ ಕಷ್ಟ ಹೇಳ್ಕೊಂಡ್ರೆ ಕೇಳ್ತಾರೆ, ಯಾಕಂದ್ರೆ 1915ರಲ್ಲಿ ಮುಳುಗೋರನ್ನ ಕಾಪಾಡೋ ಲೈಫ್ ಸೇವಿಂಗ್ ಸರ್ವಿಸನ್ನೂ ಇದಕ್ಕೇ ಸೇರಿಸಿ ಕೋಸ್ಟ್ ಗಾರ್ಡ್ ಅಂತ ಹೆಸರಿಟ್ರು. 1939ರಲ್ಲಿ ಲೈಟ್‌ಹೌಸ್‌ಗಳೂ ಬಂದ್ವು. ಇಲಾಖೆ ಮಾತ್ರ ಬದಲಾಗ್ತಾನೇ ಇತ್ತು, ಖಜಾನೆಯಿಂದ 1967ಕ್ಕೆ ಸಾರಿಗೆಗೆ, 2003ರಿಂದ ಹೋಮ್‌ಲ್ಯಾಂಡ್ ಸೆಕ್ಯೂರಿಟಿಗೆ. ಮಿಲಿಟರಿನೂ ಹೌದು, ಪೊಲೀಸ್ ಕೆಲಸಾನೂ ಮಾಡ್ತಾರೆ, ಡ್ರಗ್ಸ್ ಹಿಡಿಯೋದು, ಐಸ್ ಒಡೆಯೋದು, ತೈಲ ಸೋರಿದ್ರೆ ಓಡೋದು ಎಲ್ಲಾ ಇವ್ರೇ. ಕತ್ರೀನಾ ಚಂಡಮಾರುತದಲ್ಲಿ 33,000ಕ್ಕೂ ಹೆಚ್ಚು ಜನರನ್ನ ಕಾಪಾಡಿದ್ದು ಇದೇ ಜನ.

ಸರಿ, ನಮ್ಮ ಬೋಟಿಗೆ ಬರೋಣ. ಮೊದಲು ಕೇಳಿದ್ದು ಲೈಫ್ ಜಾಕೆಟ್. ತಲೆಗೊಂದು ಇರ್ಲೇಬೇಕು, ಅದೂ ಅವರವರ ಸೈಜಿಂದು, 16 ಅಡಿ ಅಥವಾ ಅದಕ್ಕಿಂತ ಉದ್ದದ ಬೋಟಾದ್ರೆ ನೀರಿಗೆ ಬಿದ್ದೋರ ಕಡೆ ಎಸೆಯೋಕೆ ತೇಲೋ ರಿಂಗ್ ಅಥವಾ ಕುಶನ್ ಒಂದು ಎಕ್ಸ್‌ಟ್ರಾ. 13 ವರ್ಷದ ಒಳಗಿನ ಮಕ್ಕಳು ಡೆಕ್ ಮೇಲಿದ್ರೆ ಹಾಕ್ಕೊಂಡೇ ಇರ್ಬೇಕು, ಕೆಲವು ರಾಜ್ಯದಲ್ಲಿ ಈ ವಯಸ್ಸು ಬೇರೆ, ಹೋಗೋ ಮುಂಚೆ ನೋಡ್ಕೊಳ್ಳಿ. ನಮ್ಮ ಮಕ್ಕಳದ್ದು ಎಲ್ಲಿತ್ತು ಅಂದ್ರೆ ಸೀಟಿನ ಕೆಳಗೆ, ಚಿಪ್ಸ್ ಚೀಲದ ಅಡಿ, ಇನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ! ಆ ಹುಡುಗಿ ಆಫೀಸರ್ ಏನೂ ಬೈಲಿಲ್ಲ, ತಾನೇ ಕವರ್ ಹರಿದು ನನ್ನ ಮಗನಿಗೆ ಬಕಲ್ ಹಾಕಿ ಬೆಲ್ಟ್ ಎಳೆದು, ಭುಜದ ಹತ್ರ ಹಿಡಿದು ಮೇಲಕ್ಕೆ ಎತ್ತಿ ನೋಡಿದ್ರು, ಜಾಕೆಟ್ ಕಿವಿ ತನಕ ಬಂದ್ರೆ ದೊಡ್ಡದಾಯ್ತು ಅಂತ ಲೆಕ್ಕವಂತೆ. ಆಮೇಲೆ ಬೋಟ್ ಓಡಿಸೋನು ಕುಡಿದಿದಾನಾ ಅಂತ ನೋಡ್ತಾರೆ, ಮಿತಿ ಕಾರಿನ ಥರಾನೇ 0.08. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರೋರು 18 ದಾಟಿದ್ರೆ ಕಾನೂನು ಪ್ರಕಾರ ಗ್ರೀನ್ ಕಾರ್ಡ್ ಅಥವಾ ಐ-94 (ದೇಶದೊಳಗೆ ಬಂದಿದ್ದರ ದಾಖಲೆ) ಜೊತೇಲೇ ಇಟ್ಕೋಬೇಕು, ನೀರಿಗೆ ಹೋಗ್ತೀವಿ ನೆನೆಯುತ್ತೆ ಅಂತ ಮನೇಲಿ ಬಿಟ್ಟು ಬರ್ಬೇಡಿ, ಜಿಪ್ ಲಾಕ್ ಕವರ್‌ಗೆ ಹಾಕಿ.

ಇಂಜಿನ್ ಕೈಕೊಟ್ರೆ, ಯಾರಾದ್ರೂ ನೀರಿಗೆ ಬಿದ್ರೆ, ಬೋಟಿನ ವಿಎಚ್‌ಎಫ್ ರೇಡಿಯೋದಲ್ಲಿ ಚಾನೆಲ್ 16ಕ್ಕೆ ಹೋಗಿ ಕೋಸ್ಟ್ ಗಾರ್ಡನ್ನ ಕರೀರಿ. ಪ್ರಾಣಕ್ಕೆ ಅಪಾಯ ಅಂದ್ರೆ ಮೇಡೇ ಅಂತ ಮೂರು ಸಲ, ಆಮೇಲೆ ಬೋಟ್ ಹೆಸ್ರು, ಎಲ್ಲಿದೀರಿ, ಎಷ್ಟು ಜನ. ಮೊಬೈಲ್ ನಂಬ್ಕೊಂಡು ಹೋಗ್ಬೇಡಿ, ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ಸಿಗ್ನಲ್ ಇರಲ್ಲ. ಆಂಬ್ಯುಲೆನ್ಸ್ ಬಿಲ್ ನೋಡಿ ಹೆದರಿರೋ ನಮ್ಮ ಜನ ಇಲ್ಲೂ ಕರೆಯೋಕೆ ಯೋಚ್ನೆ ಮಾಡ್ತಾರೆ, ಜೀವ ಉಳಿಸಿದ್ದಕ್ಕೆ ಕೋಸ್ಟ್ ಗಾರ್ಡ್ ದುಡ್ಡು ಕೇಳಲ್ಲ, ಹೆಲಿಕಾಪ್ಟರ್ ಬಂದ್ರೂ ಅಷ್ಟೇ. ಆದ್ರೆ ಅಪಾಯ ಇಲ್ದೆ ಬರೀ ಪೆಟ್ರೋಲ್ ಖಾಲಿ ಅಂದ್ರೆ ಖಾಸಗಿ ಟೋ ಬೋಟಿನವ್ರನ್ನ ಕರೆಸ್ತಾರೆ, ಅವ್ರು ಮಾತ್ರ ಚೆನ್ನಾಗೇ ಬಿಲ್ ಮಾಡ್ತಾರೆ. ಮಕ್ಕಳ ಕೈಗೆ ರೇಡಿಯೋ ಕೊಡ್ಬೇಡಿ, ಬೇಕಂತ ಸುಳ್ಳು ಮೇಡೇ ಹೇಳಿದ್ರೆ ಅದು ಫೆಡರಲ್ ಅಪರಾಧ, ಹುಡುಕಾಟದ ಪೂರ್ತಿ ಖರ್ಚೂ ನಿಮ್ಮ ತಲೆಗೇ.